ಡಿಕ್ಲರೇಸನ್ ಎಂಬ ಗದ್ದೆ

ನನ್ನಿಂದ ಡಿಗ್ರಿ ಆಗುವುದೇ ಇಲ್ಲ ಎಂದವರು ಕಾಪುವಿನ ಮಾವ, ಅಮ್ಮನ ಅಣ್ಣ. ಬೋಟಿನಿಂದ ಇಳಿದವರೇ ಕಾರ್ಕಳದ ನಮ್ಮ ಮನೆಗೆ ಬಂಗುಡೆ ಮೀನು ತಂದಿದ್ದರು. ಚೀಲ ಅಮ್ಮನ ಕೈಗೆ ಕೊಟ್ಟು ನನ್ನ ಕಡೆ ತಿರುಗಿದರು.

"ಚರಿತ್ರೆ ಪೇಪರು ಪುನಃ ಹೋಯಿತಂತಲ್ಲ? ಸತ್ತವರ ಕಥೆ ನಿನಗೆ ಯಾಕೆ ಮಾರಾಯ್ತಿ? ನಮ್ಮಲ್ಲಿ ಯಾರಿಗೂ ಆಗದ್ದು ನಿನಗೆ ಆಗ್ಲಿಕ್ಕುಂಟಾ?"

ಪೇಪರು ಹೋದದ್ದು ಸುಳ್ಳಲ್ಲ. ಮನೆಯಲ್ಲೇ ಕೂತು ಓದುವ ಬಿ.ಎ. ಅದು. ಉಳಿದದ್ದೆಲ್ಲ ಪಾಸಾಗಿ ದೇಶದ ಚರಿತ್ರೆ, ರಾಜಕೀಯದ ಪೇಪರೊಂದೇ ಬಾಕಿ ಇತ್ತು. ಕೊಟ್ಟ ಅವಧಿಯೂ ಮುಗಿಯುತ್ತ ಬಂದಿತ್ತು. ಈ ಸಲ ಹೋದರೆ ಎಲ್ಲವೂ ಹೋದ ಹಾಗೆ.

ಮಣಿಪಾಲದ ಹಾಸ್ಟೆಲೊಂದರ ಅಡುಗೆಮನೆಯಲ್ಲಿ ದಿನವಿಡೀ ತರಕಾರಿ ಹೆಚ್ಚಿ ಬಂದವಳಿಗೆ ಪುಸ್ತಕ ಬಿಡಿಸಿದರೆ ನಿದ್ದೆ. ಹಾಗಾಗಿ ಮೊಬೈಲಿನಲ್ಲಿ ಆಡಿಯೋ ಪುಸ್ತಕ ಹಾಕಿಕೊಂಡೆ. ಬಸ್ಸಿನಲ್ಲಿ ಡ್ರೈವರನ ಹಾಡಿನ ಅಬ್ಬರಕ್ಕೆ ಏನೂ ಕೇಳುತ್ತಿರಲಿಲ್ಲ. ಕೆಲಸದಲ್ಲಾದರೆ ಒಂದು ಕಿವಿ ಪುಸ್ತಕಕ್ಕೆ, ಒಂದು ಕಿವಿ ಅಡುಗೆ ಭಟ್ರಿಗೆ.

"ಎಂತ ಕೇಳುವುದು, ಯಕ್ಷಗಾನವಾ?" ಭಟ್ರು ಕೇಳಿದರು.

"ಅಲ್ಲ ಭಟ್ರೇ, ದೇಶದ ಚರಿತ್ರೆ."

"ಅದರಲ್ಲಿ ಹಾಸ್ಯಗಾರ ಉಂಟಾ?"

"ತುಂಬ ಜನ ಉಂಟು."

ಹಾಗಂದೆನೇ ಹೊರತು ನಗು ಬರುತ್ತಿರಲಿಲ್ಲ. ದೇಶ ಎರಡಾದಾಗ ಮನೆಗೆ ಬೀಗ ಹಾಕಿ, ನಾಲ್ಕು ದಿನದಲ್ಲಿ ವಾಪಸು ಬರುತ್ತೇವೆಂದು ಕೀಲಿಕೈ ಸಂಗಡ ಒಯ್ದವರಿದ್ದರು ಎಂದು ಕೇಳಿ ನನ್ನ ಕೈಯ ಚೂರಿ ನಿಂತುಬಿಟ್ಟಿತು. ತುರ್ತುಪರಿಸ್ಥಿತಿಯಲ್ಲಿ ಸರಕಾರ ಬರೆಯಲು ಬಿಡದ್ದಕ್ಕೆ ಪತ್ರಿಕೆಯವರು ಸಂಪಾದಕೀಯದ ಜಾಗ ಖಾಲಿ ಬಿಟ್ಟೇ ಅಚ್ಚು ಹಾಕಿದ್ದರಂತೆ. ಇಷ್ಟೆಲ್ಲ ಆಗಿದೆಯಾ ಎಂದು ಗಾಬರಿ.

ಆದರೂ ಅದು ದೂರದ ಗಾಬರಿ. ಒಂದು ಬೆಳಿಗ್ಗೆ ಸೌತೆಕಾಯಿ ಹೆಚ್ಚುವಾಗ ಭೂಸುಧಾರಣೆಯ ಅಧ್ಯಾಯ ಬಂತು. ಗೇಣಿಗೆ ದುಡಿಯುವವರು ಭೂಮಿಯ ಹಕ್ಕು ಕೇಳಿ ಡಿಕ್ಲರೇಷನ್ ಎಂಬ ಅರ್ಜಿ ಸಲ್ಲಿಸಿದರು ಎಂದಿತು ಆ ಧ್ವನಿ. ಹಿಂದಕ್ಕೆ ತಿರುಗಿಸಿ ಮತ್ತೆ ಕೇಳಿದೆ.

ಡಿಕ್ಲರೇಸನ್ ಅಂದರೆ ನಮ್ಮ ಗದ್ದೆ! ಮನೆ ಎದುರಿನದು ಬಾಕಿಮಾರು, ನೀರು ಹರಿಯುವ ತೋಡಿನ ಆಚೆಯದು ಡಿಕ್ಲರೇಸನ್. "ದನ ಡಿಕ್ಲರೇಸನ್‌ಗೆ ಇಳಿಯಿತು, ಓಡಿಸು" ಎಂದು ಅಜ್ಜಿ ಕೂಗುವುದನ್ನು ಕೇಳಿಯೇ ನಾನು ಬೆಳೆದದ್ದು. ಅದು ತುಳುವಿನ ಯಾವುದೋ ಹಳೆಯ ಹೆಸರು ಅಂತ ತಿಳಿದಿದ್ದೆ.

ಸಂಜೆ ಚಪ್ಪಲಿ ಕಳಚುವ ಮೊದಲೇ ಅಜ್ಜಿಯನ್ನು ಕೇಳಿದೆ. "ಆ ಗದ್ದೆ ಮೊದಲು ನಮ್ಮದಾಗಿರಲಿಲ್ವಾ?"

"ಧಣಿಗಳದ್ದು," ಎಂದರು ಅಜ್ಜಿ. "ಈ ಮನೆ ಜಾಗವೂ ಅವರದ್ದೇ. ನಾವು ಒಕ್ಕಲು. ಗೇಣಿಯ ಅಕ್ಕಿಯನ್ನು ಬೈಹುಲ್ಲಿನ ಮುಡಿ ಕಟ್ಟಿ ಅವರ ಅಂಗಳಕ್ಕೆ ಹೊರಬೇಕು. ಜಾಗ ಬಿಟ್ಟು ಏಳಿ ಅಂದರೆ ಏಳಬೇಕು. ನಿನ್ನ ಮಾವ ಹೊಟ್ಟೆಯಲ್ಲಿದ್ದಾಗ ಒಂದು ಮನೆಯಿಂದ ಎದ್ದೇ ಇಲ್ಲಿಗೆ ಬಂದದ್ದು. ಆಮೇಲೆ ಡಿಕ್ಲರೇಸನ್ ಕೊಟ್ಟು ಗದ್ದೆ, ಮನೆ ಎಲ್ಲ ನಮ್ಮ ಹೆಸರಿಗೆ ಆಯಿತು."

"ನನಗೆ ಯಾಕೆ ಹೇಳಲಿಲ್ಲ?"

"ಹೇಳ್ಲಿಕ್ಕೆ ಎಂತ ಉಂಟು? ಎಲ್ಲರ ಮನೆಯಲ್ಲೂ ಆದದ್ದೇ ಅಲ್ವಾ."

ನಾನು ನಿಂತ ಅಂಗಳ ಕಾನೂನಿನ ಒಂದು ಸಾಲಿನಿಂದ ನಮ್ಮದಾದದ್ದು. ಆ ಸಾಲನ್ನು ನಾನು ಅರ್ಥವಾಗದೆ ಬಾಯಿಪಾಠ ಮಾಡಿ, ಮರೆತು, ಫೇಲಾಗಿದ್ದೆ.

ಪರೀಕ್ಷೆಯಲ್ಲಿ ಭೂಸುಧಾರಣೆಯ ಪ್ರಶ್ನೆ ಬರಲೇ ಇಲ್ಲ. ವಿಭಜನೆ ಬಂತು, ತುರ್ತುಪರಿಸ್ಥಿತಿ ಬಂತು. ಆದರೆ ಇವೆಲ್ಲ ಯಾರದೋ ಮನೆಯೊಳಗೆ ನಡೆದದ್ದು ಎಂದು ಗೊತ್ತಾಗಿತ್ತಲ್ಲ, ಪೆನ್ನು ನಿಲ್ಲಲಿಲ್ಲ. ಪಾಸಾದೆ. ನಮ್ಮ ಮನೆಯ ಮೊದಲ ಡಿಗ್ರಿ. ಹೇಳಿಕೊಳ್ಳಲು ನನಗೇನೂ ನಾಚಿಕೆ ಇಲ್ಲ.

ಸರ್ಟಿಫಿಕೇಟು ತರಲು ಉಡುಪಿಗೆ ಹೋಗುವಾಗ ಅಜ್ಜಿಯೂ ಹೊರಟರು. ವೇದಿಕೆ, ಚಪ್ಪಾಳೆ ಏನಿಲ್ಲ, ಕಚೇರಿಯ ಒಂದು ಕಿಟಕಿ. ಗುಮಾಸ್ತರು ಸಹಿ ಹಾಕಿಸಿಕೊಂಡು ನನಗೆ ಕೊಟ್ಟರು, ನಾನು ಅಜ್ಜಿಗೆ ಕೊಟ್ಟೆ. ಸೆರಗಿನಲ್ಲಿ ಕೈ ಒರೆಸಿಕೊಂಡು ಹಿಡಿದರು. ಕಿಟಕಿಯ ಕಡೆ ಒಮ್ಮೆ ನೋಡಿ, ತುಳುವಿನಲ್ಲಿ ಮೆಲ್ಲ ಕೇಳಿದರು:

"ಇದನ್ನು ಇನ್ನು ಯಾರೂ ವಾಪಸು ಕೇಳ್ಲಿಕ್ಕಿಲ್ಲ ಅಲ್ವಾ?"