ಹೊಗಳಿದ ಹೂಜಿ

ದೀಪಾವಳಿ ಹತ್ತಿರ ಬಂತೆಂದರೆ ನಮ್ಮ ಮನೆಯ ಹಿತ್ತಾಳೆ ಸಾಮಾನಿಗೆಲ್ಲ ಹುಣಸೆಹಣ್ಣಿನ ಸ್ನಾನ. ಮೊನ್ನೆ ಗಿಳಿಮೂಗಿನಂಥ ಕೊಕ್ಕಿನ ಕಾಫಿ ಹೂಜಿಯನ್ನು ತಿಕ್ಕುತ್ತ ಕೂತಿದ್ದೆ. ಮೊಸರಿಗೆ ಹೆಪ್ಪು ಕೇಳಲು ಬಂದ ಮೇಲಿನ ಮಹಡಿಯ ಹುಡುಗಿ, "ಅಜ್ಜಿ, ಇದು ಏಕದಂ ಮಸ್ತ್ ಇದೆ," ಅಂದಳು. ರೂಢಿಯಂತೆ "ಥ್ಯಾಂಕ್ಯೂ" ಅಂದೆ. ಅಂದ ಮೇಲೆ ಯಾಕೋ ತಿಕ್ಕುವ ಕೈ ನಿಂತಿತು. ಈ ಒಂದು ಮಾತನ್ನು ಹೇಳಿಕೊಡದೆ ನಾನೊಮ್ಮೆ ಪಟ್ಟ ಪಾಡನ್ನು ನಿಮಗೆ ಹೇಳಬೇಕು.

ಐವತ್ತರ ದಶಕ. ಮದುವೆಯಾಗಿ ಧಾರವಾಡದಿಂದ ಮುಂಬಯಿಗೆ, ಗ್ರಾಂಟ್ ರೋಡಿನ ಈ ಬಿಲ್ಡಿಂಗಿಗೆ ಬಂದ ಹೊಸತು. ನಮ್ಮವರು ಮುತ್ತಿನ ವ್ಯಾಪಾರಿಯೊಬ್ಬರ ಆಫೀಸಿನಲ್ಲಿ ಕಾರಕೂನರು. ಅಲ್ಲಿಗೆ ಬಹರೇನಿನಿಂದ ಬಂದ ಮೂವರು ಅರಬ ತರುಣರಿಗೆ ಇಂಗ್ಲಿಷಿನಲ್ಲಿ ಮಾತಾಡಲು ಕಲಿಯಬೇಕಿತ್ತು. "ನಮ್ಮಾಕಿ ಕಾನ್ವೆಂಟಿನ್ಯಾಗ ಓದ್ಯಾಳ" ಎಂದು ಇವರು ಜಂಭ ಕೊಚ್ಚಿ ಬಂದರು. ಜಂಭ ಅವರದು, ಪಾಠ ನನ್ನದು. ಅತ್ತೆಯವರು ಕಾವಲಿಗೆಂದು ಹೂಬತ್ತಿ ಹೊಸೆಯುತ್ತ ಬಾಗಿಲಲ್ಲೇ ಕೂರುತ್ತಿದ್ದರು. ಹದಿನೈದು ದಿನದಲ್ಲಿ ಅವರು ಹಾಲಿನವನಿಗೂ "ಗುಡ್ ಈವ್ನಿಂಗ್" ಅನ್ನತೊಡಗಿದರು, ಅದೂ ಬೆಳಿಗ್ಗೆ.

ಮಾತು ಶುರುಮಾಡುವುದಾದರೆ ಎದುರಿಗಿದ್ದವರ ಏನನ್ನಾದರೂ ಹೊಗಳಬೇಕು ಎಂದು ನಮ್ಮ ಸಿಸ್ಟರುಗಳು ಕಲಿಸಿದ್ದರು. ನಾನೂ ಹಾಗೆಯೇ ಒಬ್ಬನ ಪೆನ್ನು ಚೆನ್ನಾಗಿದೆ ಅಂದೆ. ಆತ ಅದನ್ನು ನನ್ನ ಮುಂದಿಟ್ಟ. ಇನ್ನೊಬ್ಬನ ಜಪಸರವೂ ಬಂತು. ಮೂರನೆಯವನು ಸಲೀಂ. ಅವನು ಕಾಫಿ ಕುಡಿಸಲು ತಂದಿದ್ದ ಹೂಜಿಯನ್ನು ಹೊಗಳಿದೆ, ಅದೂ ಉಳಿಯಿತು. "ಬೇಡ, ಸುಮ್ಮನೆ ಹೇಳಿದೆ" ಎಂದರೆ ಅವನ ಮುಖ ಬಾಡಿತು. "ಚಂದ ಅಂದವರಿಗೆ ಕೊಡದಿದ್ದರೆ ನಮ್ಮ ಕಡೆ ಮನೆತನಕ್ಕೇ ಕೆಟ್ಟ ಹೆಸರು, ಮೇಡಂ."

"ಇಸ್ಕೊಳ್ಳವಾ. ಪಾಪ, ಮಾರಿ ಸಣ್ಣದ ಮಾಡ್ಯಾನ. ನಾಳೆ ಅವನ ಒಂಟಿ ಒಂದ ಹೊಗಳಬ್ಯಾಡ, ಮೂರನೇ ಮಾಳಿಗಿಗೆ ಏರೂದಿಲ್ಲ," ಅಂದರು ಅತ್ತೆ.

ನನಗೆ ಎಷ್ಟು ಸಂಕೋಚವಾಯಿತೆಂದರೆ, ಹೊಗಳಿಕೆಯ ಪಾಠವನ್ನೇ ಅಲ್ಲಿಗೆ ನಿಲ್ಲಿಸಿ, ಬರೀ ಹವೆಯನ್ನು ಹೊಗಳಿಸಿದೆ. ಮುಂಬಯಿಯ ಹವೆಯನ್ನು ಯಾರೂ ಎತ್ತಿ ಕೊಡಲಾರರಷ್ಟೆ.

ಸಲೀಮನಿಗೆ ಕಾಲೇಜಿನ ಸಂದರ್ಶನ ಬಂತು. ಸೀಟು ಸಿಗದಿದ್ದರೆ ಮುಂದಿನ ಹಡಗಿಗೇ ಹೊರಡು ಎಂದು ಅವನ ತಂದೆ ಬರೆದಿದ್ದರು. ಸಂದರ್ಶನ ಮುಗಿಸಿ ಆ ಮಧ್ಯಾಹ್ನ ಅವನು ನಮ್ಮ ಮನೆಗೆ ಬಂದು ಗೋಡೆಗೊರಗಿ ಕೂತ. ಪ್ರಿನ್ಸಿಪಾಲರು ಅವನ ಅಂಜಿಕೆ ಕಳೆಯಲು, ನಿನ್ನ ಕೈಗಡಿಯಾರ ಚೆನ್ನಾಗಿದೆ ಅಂದರಂತೆ. ಇವನು ಬಿಚ್ಚಿ ಅವರ ಮುಂದೆ ಸರಿಸಿದ್ದಾನೆ. ಲಂಚವೆಂದು ತಿಳಿದು ಅವರು ಎದ್ದು ಬಾಗಿಲು ತೋರಿಸಿದರು.

ತಪ್ಪು ನನ್ನದು. ಹೊಗಳುವುದನ್ನು ಕಲಿಸಿ, ಹೊಗಳಿಸಿಕೊಳ್ಳುವುದನ್ನು ಬಿಟ್ಟಿದ್ದೆ.

ಮರುದಿನ ಅತ್ತೆಯವರನ್ನೂ ಸಲೀಮನನ್ನೂ ಕರೆದುಕೊಂಡು ಕಾಲೇಜಿಗೆ ಟ್ರಾಮ್ ಹತ್ತಿದೆ. "ಯಾರಾದರೂ ಹೊಗಳಿದರೆ ಥ್ಯಾಂಕ್ಯೂ ಅಂದು ಸುಮ್ಮನಿರು," ಎಂದು ದಾರಿಯುದ್ದಕ್ಕೂ ಪಾಠ.

"ಬರೀ ಮಾತು ಕೊಟ್ಟರೆ ಜಿಪುಣ ಅನ್ನುವುದಿಲ್ಲವೇ, ಮೇಡಂ?"

ನಾನು ಕಂಡಕ್ಟರನನ್ನು ಕರೆದು ಮೂರು ಟಿಕೆಟ್ ಕೇಳಿದೆ. ಪ್ರಿನ್ಸಿಪಾಲರ ಎದುರು ನಿಂತಾಗ ನನ್ನ ಕಾನ್ವೆಂಟಿನ ಇಂಗ್ಲಿಷೆಲ್ಲ ಕೈಕೊಟ್ಟಿತು. ಚೀಲದಿಂದ ಒಂದೊಂದೇ ತೆಗೆದು ಮೇಜಿನ ಮೇಲಿಟ್ಟೆ: ಪೆನ್ನು, ಜಪಸರ, ಹೂಜಿ. "ಸರ್, ಇವನ್ನು ನಾನು ಬರೀ ಚೆನ್ನಾಗಿವೆ ಅಂದಿದ್ದೆ," ಎಂದಷ್ಟೇ ಹೇಳಲು ಸಾಧ್ಯವಾಯಿತು.

ಅವರು ಹೂಜಿಯನ್ನು ನೋಡಿದರು, ನನ್ನನ್ನು ನೋಡಿದರು, ಕನ್ನಡಕ ತೆಗೆದು ಬಹಳ ಹೊತ್ತು ನಕ್ಕರು. ಆಮೇಲೆ ಗಂಭೀರವಾಗಿ ಸಲೀಮನ ಕಡೆ ತಿರುಗಿ, "ನಿನ್ನ ಕೋಟು ತುಂಬಾ ಚೆನ್ನಾಗಿದೆ," ಅಂದರು.

ಸಲೀಮನ ಕೈ ಗುಂಡಿಗೆ ಹೋಯಿತು. ಅತ್ತೆಯವರು ಕೆಮ್ಮಿದರು. ಕೈ ಅಲ್ಲೇ ನಿಂತಿತು.

"ಥ್ಯಾಂಕ್ಯೂ, ಸರ್," ಅಂದ ಸಲೀಂ. ಏನೋ ಕದ್ದವನ ಹಾಗೆ ತಲೆ ತಗ್ಗಿಸಿದ್ದ.

ಸೀಟು ಸಿಕ್ಕಿತು. ಮೆಟ್ಟಿಲಿಳಿಯುತ್ತ ಅತ್ತೆ, "ಪಾಸ್ ಆದನಲ್ಲವಾ, ಮತ್ಯಾಕ ನಿನ್ನ ಮಾರಿ ಹಿಂಗ?" ಅಂದರು. ಗುಂಡಿಯ ಮೇಲೆ ನಿಂತ ಆ ಕೈಯೇ ನನ್ನ ಕಣ್ಣಮುಂದಿತ್ತು. ಅವನಿಗೆ ಬೇಕಾದ್ದನ್ನೇ ಕಲಿಸಿದ್ದೆ. ಆದರೂ ಅದೊಂದು ಸಣ್ಣತನದ ಪಾಠವೆನಿಸಿತ್ತು.

ಹೆಪ್ಪಿನ ಬಟ್ಟಲು ಹಿಡಿದು ಹುಡುಗಿ ಇನ್ನೂ ನಿಂತೇ ಇದ್ದಳು. ಹೂಜಿಯನ್ನು ತೊಳೆದು, ಸೆರಗಿನಿಂದ ಒರೆಸಿ, ಅವಳ ಇನ್ನೊಂದು ಕೈಗೆ ಕೊಟ್ಟೆ.

"ಅರೆ ಅಜ್ಜಿ, ನಾನು ಸುಮ್ನೆ ಹೇಳಿದ್ದು."

"ನಾನೂ ಅವತ್ತು ಸುಮ್ನೇ ಹೇಳಿದ್ದೆ. ತಗೊಂಡು ಹೋಗವಾ."