ನಾಟಿ ಕುಣಿತಕ್ಕೆ ಮೈಕೊಟ್ಟವರು

ಹೊಳೆನರಸೀಪುರದ ದೇವಸ್ಥಾನದ ಬೀದಿಯಲ್ಲಿ ಡ್ಯಾನ್ಸ್ ಕಲಿಸುತ್ತಿದ್ದ ರಂಗನಾಯಕಿಗೆ ಹಟವೆಂದರೆ ಹಟ. ಭರತನಾಟ್ಯ ಕಲಿತವಳು, ಗೊರೂರು ನಾಲೆ ಬಯಲಿನಲ್ಲಿ ಭತ್ತ ನಾಟಿ ಮಾಡುವ ಹೆಂಗಸರು ಬಗ್ಗುವುದು, ಕೆಸರಿಂದ ಕಾಲು ಕೀಳುವುದು ಎಲ್ಲ ಸೇರಿಸಿ ಹೊಸ ನೃತ್ಯ ಕಟ್ಟುತ್ತೇನೆಂದು ಹೊರಟಾಗ ಬೀದಿಯೇ ನಕ್ಕಿತು. ನಗಲಿ ಬಿಡಿ, ನಕ್ಕವರ ಹಲ್ಲು ಕಾಣುತ್ತದೆ ಅಷ್ಟೆ! ಆದರೆ ಕಟ್ಟಿ ಮುಗಿಸುವಷ್ಟರಲ್ಲಿ ಬಲಮಂಡಿ ಕೈಕೊಟ್ಟಿತು. ಆಪರೇಷನ್ ಆಗಲೇಬೇಕು, ಆಮೇಲೆ ಕುಣಿಯುವ ಮಾತೇ ಇಲ್ಲ ಎಂದರು ಡಾಕ್ಟರು. ತಾನು ಕುಣಿದು ತೋರಿಸದೆ ಮಕ್ಕಳಿಗೆ ಕಲಿಸುವುದು ಹೇಗೆ? ಮಂಡಿಯೊಟ್ಟಿಗೆ ನೃತ್ಯವೂ ಹೋಗುತ್ತದಲ್ಲ ಎಂಬ ಸಂಕಟ ಅವಳಿಗೆ.

ದಾರಿ ತೋರಿಸಿದವನು ಅಣ್ಣನ ಮಗ ಕೇದಾರ್, ಹಾಸನದ ಒಂದು ಇಂಜಿನಿಯರಿಂಗ್ ಕಾಲೇಜಿನ ಮೇಷ್ಟ್ರು. 2008ರಲ್ಲಿ ಅಲ್ಲಿಗೆ ಮೋಷನ್ ಕ್ಯಾಪ್ಚರ್ ಎನ್ನುವ ಏರ್ಪಾಡು ಬಂದಿತ್ತು. ಮೈಗೆ ಅಂಟಿಸಿದ ಹೊಳೆಯುವ ಪುಟ್ಟ ಗುಂಡುಗಳನ್ನು ಸುತ್ತಲಿನ ಕ್ಯಾಮೆರಾಗಳು ಗುರುತು ಹಿಡಿಯುತ್ತಿದ್ದವು. ಕುಣಿದದ್ದನ್ನೆಲ್ಲ ಕಂಪ್ಯೂಟರಿನೊಳಗಿನ ಗೊಂಬೆ ಹಾಗೆಯೇ ಕುಣಿಯುತ್ತಿತ್ತು. ರಂಗನಾಯಕಿ ಮಾತ್ರೆ ನುಂಗಿ, ಹಲ್ಲು ಕಚ್ಚಿ ಪೂರ್ತಿ ಕುಣಿದಳು. ಗೊಂಬೆಯ ಕುಣಿತ ತುಂಬಿಸಿಕೊಟ್ಟ ಸಿಡಿಯನ್ನು ತಾನು ಒಮ್ಮೆಯೂ ನೋಡದೆ ಮಕ್ಕಳ ಕೈಗಿಟ್ಟು, "ಇನ್ನು ಇದೇ ನಿಮ್ಮ ಗುರು. ಕೂದಲೆಳೆಯಷ್ಟೂ ತಪ್ಪಬಾರದು" ಎಂದು ಕಟ್ಟಪ್ಪಣೆ ಮಾಡಿ, ಮಂಡಿಯ ವಿಷಯ ಮುಚ್ಚಿಟ್ಟು, ನೆಂಟರ ಮದುವೆಯ ನೆವ ಹೇಳಿ ಆಪರೇಷನ್ನಿಗೆ ಹೊರಟಳು.

ಕಲಿತರಪ್ಪ, ಕಲಿತರು! ತಿಂಗಳ ನಂತರ ಗೋಡೆ ಹಿಡಿದು ಬಂದು ನೋಡಿದರೆ ಅಷ್ಟೂ ಹುಡುಗಿಯರು ಬಲಗಾಲು ಎಳೆದು ಕುಂಟುತ್ತಿದ್ದಾರೆ.

"ಏನ್ರೇ ಇದು ಕುಂಟಾಟ?" ಎಂದು ಗದರಿದಳು.

ರೈತರ ಮನೆಯ ಹುಡುಗಿ ಸೌಜನ್ಯ ಹೆದರುತ್ತಲೇ ಅಂದಳು: "ಕಂಪ್ಯೂಟ್ರಲ್ಲಿ ನೀವು ಅಂಗೇ ಕುಣ್ದಿದ್ದೀರಲ್ಲ ಮಿಸ್. ಅದ್ಕೇ ನಾವೂ ಅಂಗೇ ಮಾಡ್ದೋ."

ರಂಗನಾಯಕಿಗೆ ಅವಮಾನದಿಂದ ಭೂಮಿಗಿಳಿದು ಹೋದಂತಾಯಿತು. ಫೋನಿನಲ್ಲಿ ಕೇದಾರ್ ಸಮಾಧಾನ ಹೇಳಿದ: "ಕುಂಟನ್ನ ಅಳಿಸಿ ಸರಿಮಾಡ್ತೀನಿ ಅತ್ತೆ. ಯಾರಿಗೂ ಗೊತ್ತಾಗಲ್ಲ."

"ಮುಚ್ಚಿಟ್ಟಿದ್ದಕ್ಕೇ ಈ ಗತಿ ಕಣೋ. ಬೇಡ."

ಮರುವಾರ ಮಕ್ಕಳನ್ನೆಲ್ಲ ಹಾಸನದ ಬಸ್ಸು ಹತ್ತಿಸಿದಳು. ಲ್ಯಾಬಿನಲ್ಲಿ ಕುರ್ಚಿ ಎಳೆದು ಕೂತು ಹೇಳಿಯೇಬಿಟ್ಟಳು: "ನನ್ನ ಮಂಡಿ ಹೋಗಿದೆ ಕಣ್ರೇ. ಇನ್ನು ನನ್ನ ಕಾಲು ನೋಡಬೇಡಿ, ಮಾತು ಕೇಳಿ. ಸೌಜನ್ಯ, ಗುಂಡು ನೀನು ಅಂಟಿಸ್ಕೋ."

ಹುಡುಗಿ ಹಿಂದೆ ಸರಿದಳು. "ನಾನಾ? ಇದು ನಿಮ್ ಡ್ಯಾನ್ಸು ಮಿಸ್!"

"ಆಗಿತ್ತು. ಕುಣಿ."

ಕೈತಟ್ಟಿ ತಾಳ ಹಾಕಿದಳು, ತಪ್ಪಿದಲ್ಲಿ ಬೈದಳು, ಮತ್ತೆ ಮೊದಲಿಂದ ಮಾಡಿಸಿದಳು. ಸಂಜೆಯ ಹೊತ್ತಿಗೆ ಕಂಪ್ಯೂಟರಿನ ಗೊಂಬೆ, ಕಣ್ಣಿಗೆ ಕಾಣದ ಕೆಸರಿನಿಂದ ಎರಡೂ ಕಾಲು ನೆಟ್ಟಗೆ ಕಿತ್ತು ಮುಂದೆ ನಡೆಯಿತು. ನೋಡನೋಡುತ್ತ ರಂಗನಾಯಕಿಗೆ ಹೊಟ್ಟೆಕಿಚ್ಚಾಯಿತು, ಅಳುವೂ ಬಂತು. ಸೆರಗಿನಲ್ಲಿ ಕಣ್ಣೊರೆಸಿಕೊಂಡು ಕೇದಾರನ ಕಡೆ ತಿರುಗಿದಳು.

"ನನ್ನದನ್ನ ಅಳಿಸಿಬಿಡು. ಇದನ್ನ ಇಟ್ಕೋ."