ಬಸಕ್ಕ ತಿರುಗಿ ಕಳಿಸಿದ್ದು

೧೯೫೭ ಫೆಬ್ರವರಿ ೩, ಭಾನುವಾರ. ಬೆಳಿಗ್ಗೆ ಏಳೂವರೆಗೆ ಬರೆಯಲು ಕುಳಿತೆ. ರಾಯಚೂರಿನ ಈ ಓಣಿಯಲ್ಲಿ ಯಾರೋ ಸೀರೆಗೆ ಗಂಜಿ ಹಾಕಿ ಹರವಿದ್ದಾರೆ. ಆ ಹುಳಿ ವಾಸನೆ ಬಂದೊಡನೆ ನಾರಾಯಣಪೇಟೆಯ ನಮ್ಮ ಮನೆ, ಪಡಸಾಲೆಯ ಎರಡು ಮಗ್ಗ, ನೂಲಿಗೆ ಗಂಜಿ ಬಳಿಯುತ್ತಿದ್ದ ಅಜ್ಜಿ ಆಯಿಯ ಕೈ, ಆಕೆಯ ಪಕ್ಕದಲ್ಲಿ ಮಣೆಯ ಮೇಲೆ ಕುಳಿತ ಬಸಕ್ಕ, ಎಲ್ಲ ಎದ್ದುಬಂದವು. ಬಸಕ್ಕ ದೊಡ್ಡಪ್ಪನ ಮಗಳು, ನನಗಿಂತ ಎರಡು ವರ್ಷ ದೊಡ್ಡವಳು. ಆ ಮಣೆ ಆಕೆಗೇ ಸಿಕ್ಕಿತೆಂಬ ಹೊಟ್ಟೆಕಿಚ್ಚು ನನಗಿನ್ನೂ ಆರಿಲ್ಲ.

ಪೊಲೀಸ್ ಕಾರ್ಯಾಚರಣೆ ಕಳೆದ ಎರಡನೆಯ ಚಳಿಗಾಲ. ಸಂವಿಧಾನ ಜಾರಿಗೆ ಬಂದ ವಾರ ಆಯಿಯ ಕಿರಿಯ ಮಗ ಕಾಕಾ ಪತ್ರಿಕೆ ಓದಿ ಹೇಳಿ, ನಮಗೊಂದು ಆಟ ಹೂಡಿದ. ಮಣೆಯ ಮೇಲೆ ಬಸಕ್ಕ ರಾಷ್ಟ್ರಪತಿ, ನೆಲದ ಮೇಲೆ ನಾನು ಪ್ರಧಾನಿ.

"ಪತಿ ಅಂದ್ರ ಗಂಡ ಅಲ್ಲೇನೋ?" ಎಂದಳು ಆಯಿ. "ಹುಡುಗಿ ಹೆಂಗ ದೇಶಕ್ಕ ಗಂಡ ಆಗ್ತಾಳ?"

"ಗಂಡಸೇ ಇರಬೇಕಂತ ಎಲ್ಲೂ ಬರದಿಲ್ಲ ಯವ್ವ. ಮೂವತ್ತೈದು ತುಂಬಿರಬೇಕಂತ ಬರದೈತಿ," ಎಂದ ಕಾಕಾ.

"ಹಂಗಾದ್ರ ನಿನ್ನ ರಾಷ್ಟ್ರಪತಿ ಮೊದಲ ಮೂಗು ಒರಸಿಕೊಳ್ಳಲಿ."

ಸೈನ್ಯ ಆಕೆಯದು, ಅಪರಾಧಿಗೆ ಕ್ಷಮೆ ಕೊಡುವುದು ಆಕೆಯದು, ಹುಕುಂ ಎಲ್ಲ ಆಕೆಯ ಹೆಸರಿನಲ್ಲೇ. ಆದರೆ ನಡೆಯುವುದು ಮಂತ್ರಿಗಳ ಸಲಹೆಯಂತೆ ಎಂದು ಕಾಕಾ ಬಿಡಿಸಿ ಹೇಳಿದ. "ನಿಜಾಮರ ಫರ್ಮಾನಿನಂಗ ಅಲ್ಲ ಇದು. ಮಸೂದೆ ಮನಸಿಗೆ ಬರಲಿಲ್ಲಂದ್ರ ಒಂದ್ ಸಲ ತಿರುಗಿ ಕಳಿಸಬಹುದು. ಮತ್ತ ಬಂತಂದ್ರ ಸಹಿ ಹಾಕಲೇಬೇಕು."

ಅಧಿಕಾರ ನನ್ನ ಕೈಯಲ್ಲಿತ್ತು. ಕಣ್ಣು ಮಾತ್ರ ಮಣೆಯ ಮೇಲೆ. ಬಸಕ್ಕನ ಪಾಲಿನ ಬೆಲ್ಲ ನನಗೇ ಸೇರತಕ್ಕದ್ದೆಂದು ಮಸೂದೆ ಕಳಿಸಿದೆ. "ಇನ್ನೊಮ್ಮೆ ವಿಚಾರ ಮಾಡವ್ವ ತಂಗಿ," ಎಂದು ತಿರುಗಿ ಕಳಿಸಿದಳು. ಮತ್ತೆ ಕಳಿಸಿದೆ. ನಗುತ್ತ ಗಂಜಿಯಲ್ಲಿ ಬೆರಳದ್ದಿ ನೆಲದ ಮೇಲೆ ಸಹಿ ಮಾಡಿ, ಬೆಲ್ಲ ನನ್ನ ಅಂಗೈಗಿಟ್ಟಳು. ಸೋತೂ ಆಕೆಯೇ ದೊಡ್ಡವಳಾದಳಲ್ಲ ಎಂದು ಆ ಬೆಲ್ಲ ಬಾಯಿಗಿಡದೆ ಮಗ್ಗದ ಕೆಳಗಿಟ್ಟೆ.

ಆ ಬೇಸಿಗೆಯಲ್ಲಿ ಗದ್ವಾಲದಿಂದ ಆಕೆಗೆ ಸಂಬಂಧ ಬಂತು. ಬಸಕ್ಕನಿಗೆ ಶಾಲೆಯಲ್ಲಿ ಏಳನೇ ಜಮಾತು ಮುಗಿಸುವ ಆಸೆ. "ಅಪ್ಪಾ, ಇದನ್ನ ತಿರುಗಿ ಕಳಿಸೀನ್ರಿ," ಎಂದಳು. ಮನೆಯೆಲ್ಲ ನಕ್ಕಿತು. ದೊಡ್ಡಪ್ಪನೂ ನಕ್ಕು, ಬಂದವರನ್ನು ಹಾಗೇ ಕಳಿಸಿಬಿಟ್ಟ.

ದಸರೆ ಕಳೆದ ಮೇಲೆ ಅದೇ ಜನ ಮಕ್ತಲ್ ದಾರಿಯಿಂದ ಬಂಡಿ ಕಟ್ಟಿಕೊಂಡು ಮತ್ತೆ ಬಂದರು. "ಎರಡನೇ ಸಲ ಬಂದೈತಲ್ಲವ್ವ," ಎಂದ ದೊಡ್ಡಪ್ಪ, ಮೆತ್ತಗೆ. ಕಾಕಾ ಮಗ್ಗದಿಂದ ತಲೆ ಎತ್ತಲಿಲ್ಲ. ಬಸಕ್ಕ "ಹೂಂನ್ರಿ" ಅಂದಳು. ನಾನು ಅವರು ತಂದ ಸೀರೆಯ ಜರಿಯಂಚನ್ನೇ ನೋಡುತ್ತಿದ್ದೆ, ಅದೂ ಆಕೆಗೇ.

ಬಸಕ್ಕ ಕೃಷ್ಣೆ ದಾಟಿ ಹೋದಳು. ಆಯಿ ತೀರಿಕೊಂಡಳು, ಮಗ್ಗಗಳು ಮಾರಿಹೋದವು, ನಾವು ರಾಯಚೂರಿಗೆ ಬಂದೆವು. ಹೋದ ನವೆಂಬರಿನಲ್ಲಿ ಹೈದರಾಬಾದ್ ರಾಜ್ಯವೇ ಹರಿದು, ಆಕೆ ಆಂಧ್ರದವಳು, ನಾನು ಮೈಸೂರಿನವಳು ಆದೆವು.

ಈ ವರ್ಷ ಸಂವಿಧಾನದ ಆ ವಿಧಿಯನ್ನು ನಾನೇ ಓದಿದೆ. ಕಾಕಾ ಹೇಳಿದ್ದು ಸರಿಯೇ. ತಿರುಗಿ ಕಳಿಸುವುದಾದರೆ ಬೇಗ ಕಳಿಸಬೇಕೆಂದಿದೆ; ಮೊದಲ ಸಲ ಬಂದದ್ದಕ್ಕೆ ಇಷ್ಟು ದಿನದೊಳಗೆ ಸಹಿ ಹಾಕಬೇಕೆಂದು ಮಾತ್ರ ಎಲ್ಲಿಯೂ ಇಲ್ಲ. ಬಸಕ್ಕ ಆ ಬೇಸಿಗೆಯಲ್ಲೇ ಹೂಂ ಅನ್ನದೆ, ಊಹೂಂ ಅನ್ನದೆ, ಸುಮ್ಮನೆ ಇಟ್ಟುಕೊಂಡು ಕೂಡಬಹುದಿತ್ತು.

ಗದ್ವಾಲದಲ್ಲಿ ಆಕೆಯ ನೆರೆಯಲ್ಲಿರುವವರು ಇದನ್ನು ಓದಿದರೆ ನನಗೆ ಬರೆಯಿರಿ. ದಿನಾ ಆಕೆಯನ್ನು ನೋಡುವ ಭಾಗ್ಯ ನಿಮ್ಮದಾಯಿತು. ನನಗೆ ಆಕೆಯ ಸುದ್ದಿಯ ಒಂದು ಸಾಲಾದರೂ ಸಾಕು.